ಮುಚ್ಚಳದ ಪಾತ್ರೆಯಲ್ಲಿ ಇಡೀ ಟರ್ಕಿ ಕೋಳಿಯ ರೋಸ್ಟ್

ಟರ್ಕಿ ಕೋಳಿಯನ್ನು ಇಡಿಯಾಗಿ ರೋಸ್ಟ್ ಮಾಡುವವರಿಗೆ ಎದುರಾಗುವ ಮುಖ್ಯ ತೊಂದರೆ ಅದರ ಗಾತ್ರದ್ದಲ್ಲ, ಒಂದೇ ಮೈಯಲ್ಲಿ ಎರಡು ಬಗೆಯ ಮಾಂಸ ಇರುವುದರದ್ದು. ಎದೆಯ ಮಾಂಸದಲ್ಲಿ ಕೊಬ್ಬು ಬಹಳ ಕಡಿಮೆ. ಒಳಗಿನ ಉಷ್ಣತೆ 74 ಡಿಗ್ರಿ ಸೆಲ್ಸಿಯಸ್ ದಾಟಿ ಮೇಲೇರಿದಂತೆಲ್ಲ ಅದು ನೀರು ಬಿಟ್ಟು ನಾರುನಾರಾಗುತ್ತದೆ. ತೊಡೆ ಮತ್ತು ಕಾಲಿನ ಮಾಂಸ ದಿನವಿಡೀ ಓಡಾಡಿ ಗಟ್ಟಿಯಾದದ್ದು. ಅದರೊಳಗಿನ ಕೊಲಾಜೆನ್ ಎಂಬ ಗಡುಸು ಪ್ರೋಟೀನು ಕರಗಿ ಮೆತ್ತಗಾಗಬೇಕಾದರೆ ಅದು 80 ಡಿಗ್ರಿಯಷ್ಟಾದರೂ ಬಿಸಿಯಾಗಬೇಕು. ತೆರೆದ ತಟ್ಟೆಯಲ್ಲಿಟ್ಟು ಒಣ ಬಿಸಿಗಾಳಿಗೆ ಒಡ್ಡಿದಾಗ ತೊಡೆ ಬೇಯುವಷ್ಟರಲ್ಲಿ ಎದೆ ಒಣಗಿರುತ್ತದೆ. ಮುಚ್ಚಳವಿರುವ ಪಾತ್ರೆ ಈ ಅಂತರವನ್ನು ಪೂರ್ತಿ ಅಳಿಸುವುದಿಲ್ಲ, ಆದರೆ ಬಹಳ ಮಟ್ಟಿಗೆ ತಗ್ಗಿಸುತ್ತದೆ; ಚಿಕ್ಕ ಓವನ್ ಮತ್ತು ಗ್ಯಾಸ್ ಒಲೆಯನ್ನೇ ನಂಬಿರುವ ನಮ್ಮ ಹುಬ್ಬಳ್ಳಿ-ಧಾರವಾಡದ ಮನೆಗಳಿಗೆ ಇದೇ ಸರಿಯಾದ ದಾರಿ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಮುಚ್ಚಳ ಏನು ಮಾಡುತ್ತದೆ ಎಂಬುದನ್ನು ಮೊದಲು ತಿಳಿದುಕೊಂಡರೆ ಮುಂದಿನ ಪ್ರತಿಯೊಂದು ಹೆಜ್ಜೆಯೂ ತಾನಾಗಿಯೇ ಅರ್ಥವಾಗುತ್ತದೆ. ಬಿಸಿಯಾದ ಮಾಂಸದಿಂದ ಹೊರಬರುವ ತೇವ ಪಾತ್ರೆಯೊಳಗೇ ಆವಿಯಾಗಿ ನಿಲ್ಲುತ್ತದೆ. ಆ ಆವಿ ಇನ್ನೂ ತಣ್ಣಗಿರುವ ಚರ್ಮದ ಮೇಲೆ ನೀರಾಗಿ ಇಳಿಯುವಾಗ ತನ್ನೊಳಗಿನ ಶಾಖವನ್ನು ಅಲ್ಲಿ ಬಿಟ್ಟುಕೊಡುವುದರಿಂದ, ಅಷ್ಟೇ ಉಷ್ಣತೆಯ ಒಣ ಗಾಳಿಗಿಂತ ಬೇಗ ಹಕ್ಕಿಯನ್ನು ಬೇಯಿಸುತ್ತದೆ. ಮುಚ್ಚಳದ ಒಳಮೈಗೆ ತಾಗಿದ ಆವಿ ಹನಿಯಾಗಿ ಮತ್ತೆ ಎದೆಯ ಮೇಲೆಯೇ ಬೀಳುತ್ತದೆ. ಆದ್ದರಿಂದ ಅರ್ಧ ಗಂಟೆಗೊಮ್ಮೆ ಓವನ್ ಬಾಗಿಲು ತೆರೆದು ಸೌಟಿನಿಂದ ರಸ ಸುರಿಯುವ ಕೆಲಸ ಇಲ್ಲಿ ಬೇಕಾಗಿಲ್ಲ. ಇದರ ಇನ್ನೊಂದು ಮುಖವೆಂದರೆ, ಒದ್ದೆಯಾಗಿರುವ ಚರ್ಮ ಎಷ್ಟು ಹೊತ್ತಾದರೂ ಕೆಂಪಾಗುವುದಿಲ್ಲ. ಕೆಂಪು ಬಣ್ಣ ಮತ್ತು ಹುರಿದ ಪರಿಮಳ ಬರಬೇಕಾದರೆ ಚರ್ಮದ ಮೇಲ್ಮೈ ಒಣಗಿ ಸುಮಾರು 140 ಡಿಗ್ರಿಗಿಂತ ಹೆಚ್ಚು ಬಿಸಿಯಾಗಬೇಕು, ಮತ್ತು ಆವಿ ತುಂಬಿದ ಪಾತ್ರೆಯಲ್ಲಿ ಅದು ಸಾಧ್ಯವಿಲ್ಲ. ಹೀಗಾಗಿ ಈ ಅಡುಗೆಯಲ್ಲಿ ಎರಡು ಘಟ್ಟಗಳಿವೆ: ಮುಚ್ಚಿ ಬೇಯಿಸುವುದು, ನಂತರ ತೆರೆದು ಬಣ್ಣ ಬರಿಸುವುದು. ಮುಚ್ಚಳವನ್ನು ಯಾವಾಗ ತೆಗೆಯಬೇಕು ಎಂಬ ನಿರ್ಧಾರದಲ್ಲಿಯೇ ಅಡುಗೆಯವರ ಜಾಣತನವೆಲ್ಲ ಇದೆ.

ಹಕ್ಕಿಯ ಆಯ್ಕೆಗೆ ಬರೋಣ. ಸ್ವಿಟ್ಜರ್ಲೆಂಡಿನ ಕ್ರೈಸ್ತ ಧರ್ಮಪ್ರಚಾರ ಸಂಸ್ಥೆಯಾದ ಬಾಸೆಲ್ ಮಿಶನ್ 1837ರಲ್ಲಿ ಧಾರವಾಡಕ್ಕೂ 1839ರಲ್ಲಿ ಹುಬ್ಬಳ್ಳಿಗೂ 1841ರಲ್ಲಿ ಬೆಟಗೇರಿಗೂ ಬಂದ ಕಾಲದಿಂದ ಈ ಭಾಗದಲ್ಲಿ ಕ್ರಿಸ್‌ಮಸ್ ಆಚರಿಸುವ ಮನೆಗಳಿದ್ದರೂ, ಹಬ್ಬದ ಊಟಕ್ಕೆ ಟರ್ಕಿ ಇಂದಿಗೂ ಅಪರೂಪವೇ. ಮಾಂಸದಂಗಡಿಯಲ್ಲಿ ಹೋದ ದಿನವೇ ಅದು ಸಿಗುತ್ತದೆಂದು ನಂಬಬಾರದು. ಸಾಕುವವರಿಗೆ ಹಲವು ವಾರ ಮೊದಲೇ ಹೇಳಿಡಬೇಕು, ಇಲ್ಲವೇ ದೊಡ್ಡ ಊರುಗಳಿಂದ ಹೆಪ್ಪುಗಟ್ಟಿಸಿದ್ದನ್ನು ತರಿಸಬೇಕು. (ಹಾಗೆಂದು ಈ ಹಕ್ಕಿ ನಮ್ಮ ಕಡೆಗೆ ತೀರ ಹೊಸದೇನಲ್ಲ. 1612ರಲ್ಲಿ ಜಹಾಂಗೀರನ ಆಸ್ಥಾನಕ್ಕೆ ಇಂಥದೊಂದು ಹಕ್ಕಿ ಹೋದದ್ದು ನಮ್ಮ ನೆರೆಯ ಗೋವೆಯಿಂದಲೇ. ಆಸ್ಥಾನದ ಚಿತ್ರಕಾರ ಉಸ್ತಾದ್ ಮನ್ಸೂರ್ ಬರೆದ ಅದರ ಚಿತ್ರ ಈಗ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನಲ್ಲಿದೆ.) ಜೀವಂತ ಹಕ್ಕಿಯನ್ನು ಕೊಳ್ಳುವವರು ಎಳೆಯದನ್ನೇ ಆರಿಸಬೇಕು: ಎದೆಮೂಳೆಯ ತುದಿಯನ್ನು ಬೆರಳಿನಿಂದ ಒತ್ತಿದರೆ ಬಾಗಬೇಕು, ಕಾಲಿನ ಚರ್ಮ ನುಣುಪಾಗಿರಬೇಕು, ಗಂಡಾಗಿದ್ದರೆ ಕಾಲಿನ ಹಿಂದಿನ ಮುಳ್ಳು ಇನ್ನೂ ಮೊಂಡಾಗಿರಬೇಕು. ಬಲಿತ ಗಂಡು ಹಕ್ಕಿ ನೋಡಲು ಎಷ್ಟೇ ಭವ್ಯವಾಗಿದ್ದರೂ ರೋಸ್ಟ್‌ಗೆ ಯೋಗ್ಯವಲ್ಲ. ಅದು ಸಾರಿಗೇ ಸರಿ. ಮೂಳೆಸಹಿತ ಒಬ್ಬರಿಗೆ ಅರ್ಧ ಕಿಲೋದಂತೆ ಲೆಕ್ಕ ಹಿಡಿದರೆ, ಎಂಟು-ಒಂಬತ್ತು ಜನರಿಗೆ ಸ್ವಚ್ಛ ಮಾಡಿದ ನಾಲ್ಕೂವರೆ ಕಿಲೋದ ಹಕ್ಕಿ ಸಾಕಾಗುತ್ತದೆ. ಇದಕ್ಕಿಂತ ದೊಡ್ಡದನ್ನು ತರದಿರುವುದೇ ಒಳ್ಳೆಯದು, ಏಕೆಂದರೆ ಹಕ್ಕಿ ದೊಡ್ಡದಾದಷ್ಟೂ ಎದೆ-ತೊಡೆಗಳ ಜಗಳವೂ ದೊಡ್ಡದಾಗುತ್ತದೆ.

ಹಕ್ಕಿಯನ್ನು ಗೊತ್ತುಮಾಡುವ ಮೊದಲೇ ಪಾತ್ರೆಯನ್ನೂ ಓವನ್ನನ್ನೂ ಟೇಪಿನಿಂದ ಅಳೆಯಬೇಕು. ಮನೆಯ ಓಟಿಜಿಯ, ಎಂದರೆ ಕಟ್ಟೆಯ ಮೇಲಿಡುವ ವಿದ್ಯುತ್ ಓವನ್ನಿನ ಒಳಗೆ, ಮುಚ್ಚಳ ಹಾಕಿದ ಪಾತ್ರೆಯನ್ನಿಟ್ಟ ಮೇಲೆ, ಮೇಲಿನ ಮತ್ತು ಕೆಳಗಿನ ಕಾಯುವ ಸರಳುಗಳಿಂದ ಕನಿಷ್ಠ ಮೂರು ಸೆಂಟಿಮೀಟರ್ ಅಂತರ ಉಳಿಯಬೇಕು. ಸುತ್ತಲೂ ಗಾಳಿ ಆಡುವಷ್ಟು ಜಾಗವಿರಬೇಕು. ಚಿಕ್ಕ ಓಟಿಜಿಗಳಲ್ಲಿ ಇಡೀ ಟರ್ಕಿ ಹಿಡಿಯುವುದೇ ಇಲ್ಲ. ಅಂಡಾಕಾರದ, ಎನಾಮೆಲ್ ಲೇಪಿಸಿದ ಕಪ್ಪು ಉಕ್ಕಿನ ರೋಸ್ಟಿಂಗ್ ಪಾತ್ರೆ ಸಿಕ್ಕರೆ ಅದಕ್ಕಿಂತ ಉತ್ತಮವಾದದ್ದಿಲ್ಲ: ಕಪ್ಪು ಮೈ ಶಾಖವನ್ನು ಚೆನ್ನಾಗಿ ಹೀರುತ್ತದೆ, ಅಂಡಾಕಾರ ಹಕ್ಕಿಯ ಮೈಗೆ ಹೊಂದುತ್ತದೆ. ಸಿಗದಿದ್ದರೆ ದಪ್ಪ ತಳದ ಅಗಲವಾದ ಸ್ಟೀಲ್ ಅಥವಾ ಅಲ್ಯೂಮಿನಿಯಂ ಡಬರಿಯೂ ಆದೀತು. ಅದರ ಹಿಡಿಕೆಯಲ್ಲಾಗಲಿ ಮುಚ್ಚಳದ ಗುಬುಟಿನಲ್ಲಾಗಲಿ ಪ್ಲಾಸ್ಟಿಕ್ ಇರಬಾರದು. ಮುಚ್ಚಳ ಸಡಿಲವಾಗಿದ್ದರೆ ಪಾತ್ರೆಯ ಬಾಯಿಗೆ ಒಂದು ಪದರು ಫಾಯಿಲ್ ಹಾಸಿ ಅದರ ಮೇಲೆ ಮುಚ್ಚಳವನ್ನು ಒತ್ತಿ ಕೂರಿಸಬೇಕು. ಬಿರಿಯಾನಿಯ ದಮ್‌ಗೆ ಮಾಡುವಂತೆ ಕಣಕದಿಂದ ಅಂಚು ಮೆತ್ತುವುದು ಇಲ್ಲಿ ಬೇಡ, ನಡುವೆ ತೆರೆದು ನೋಡಬೇಕಾಗುತ್ತದೆ.

ಹೆಪ್ಪುಗಟ್ಟಿದ ಹಕ್ಕಿಯನ್ನು ಫ್ರಿಜ್ಜಿನಲ್ಲಿಯೇ ಕರಗಿಸಬೇಕು. ಎರಡರಿಂದ ಎರಡೂವರೆ ಕಿಲೋಗೆ ಒಂದು ದಿನದಂತೆ, ನಾಲ್ಕೂವರೆ ಕಿಲೋಗೆ ಪೂರ್ತಿ ಎರಡು ದಿನ ಬೇಕು. ಡಿಸೆಂಬರಿನ ಧಾರವಾಡದ ಥಂಡಿ ನಮಗೆ ಎಷ್ಟೇ ಚುರುಕೆನಿಸಿದರೂ ಮಾಂಸಕ್ಕೆ ಅದು ಬೆಚ್ಚಗಿನ ಹವೆಯೇ. 5 ಡಿಗ್ರಿಯಿಂದ 60 ಡಿಗ್ರಿಯವರೆಗೆ ರೋಗಾಣುಗಳು ವೇಗವಾಗಿ ಬೆಳೆಯುತ್ತವೆ, ಆದ್ದರಿಂದ ರಾತ್ರಿಯಿಡೀ ಅಡುಗೆಮನೆಯ ಕಟ್ಟೆಯ ಮೇಲೆ ಇಟ್ಟು ಕರಗಿಸುವುದು ಅಪಾಯಕರ. ತೀರ ಅವಸರವಿದ್ದರೆ ನೀರು ಸೋರದ ಚೀಲದಲ್ಲಿ ಹಾಕಿ ತಣ್ಣೀರಿನಲ್ಲಿ ಮುಳುಗಿಸಿಟ್ಟು ಅರ್ಧ ಗಂಟೆಗೊಮ್ಮೆ ನೀರು ಬದಲಿಸುತ್ತಿರಬೇಕು. ಅರ್ಧ ಕಿಲೋಗೆ ಅರ್ಧ ಗಂಟೆಗಿಂತ ತುಸು ಹೆಚ್ಚೇ ಹಿಡಿಯುತ್ತದೆ, ಮತ್ತು ಹೀಗೆ ಕರಗಿಸಿದ್ದನ್ನು ತಡಮಾಡದೆ ಬೇಯಿಸಬೇಕು. ಆಗತಾನೇ ಕೊಯ್ಯಿಸಿ ತಂದ ಹಕ್ಕಿಗೆ ಬೇರೆಯ ನಿಯಮ: ಕೊಯ್ದ ಕೆಲವೇ ಗಂಟೆಗಳಲ್ಲಿ ಮಾಂಸ ಸೆಟೆದುಕೊಳ್ಳುವುದರಿಂದ ಅದನ್ನು ಒಂದು ದಿನವಾದರೂ ಫ್ರಿಜ್ಜಿನಲ್ಲಿಟ್ಟು, ಬಿಗಿತ ಬಿಟ್ಟ ಮೇಲೆ ಬೇಯಿಸಬೇಕು. ಕೊಯ್ಯಿಸುವಾಗ ಚರ್ಮ ಸುಲಿಸಬಾರದು. ಬಿಸಿನೀರಿನಲ್ಲಿ ಅದ್ದಿ ಪುಕ್ಕ ಕೀಳಲು ಹೇಳಬೇಕು. ನಮ್ಮ ಕಡೆಯ ಅಂಗಡಿಗಳಲ್ಲಿ ಕೋಳಿಯ ಚರ್ಮ ಸುಲಿದು ಕೊಡುವ ರೂಢಿ ಇರುವುದರಿಂದ ಈ ಮಾತನ್ನು ಎರಡು ಸಲ ಹೇಳಿದರೂ ತಪ್ಪಿಲ್ಲ. ಟರ್ಕಿಯ ಕಾಲಿನಲ್ಲಿ ಬಲಿತಂತೆ ಮೂಳೆಯಷ್ಟೇ ಗಡುಸಾಗುವ ಉದ್ದನೆಯ ನರಗಳಿರುತ್ತವೆ; ಪಾದ ಕಡಿಯುವ ಮೊದಲು ಗಂಟಿನ ಸುತ್ತ ಚರ್ಮವನ್ನಷ್ಟೇ ಗೀರಿ, ಪಾದವನ್ನು ಹಿಡಿದು ಬಲವಾಗಿ ಎಳೆಸಿದರೆ ಅವು ಪಾದದ ಜೊತೆಗೇ ಹೊರಬರುತ್ತವೆ.

ಕೋಳಿಯನ್ನು ಅರಿಶಿಣ ಹಚ್ಚಿ ನಲ್ಲಿಯ ಕೆಳಗೆ ತೊಳೆಯುವುದು ನಮ್ಮಲ್ಲಿ ಎಷ್ಟೋ ಮನೆಗಳ ಪದ್ಧತಿ. ಆದರೆ ರಭಸದ ನೀರು ಸಾಲ್ಮೊನೆಲ್ಲಾದಂಥ ರೋಗಾಣುಗಳನ್ನು ಸಿಂಕಿಗೆ, ಕಟ್ಟೆಗೆ, ಪಕ್ಕದ ಪಾತ್ರೆಗಳಿಗೆ ಸಿಡಿಸುತ್ತದೆಯೇ ಹೊರತು ಮಾಂಸವನ್ನು ಶುದ್ಧ ಮಾಡುವುದಿಲ್ಲ. ಅವುಗಳನ್ನು ಕೊಲ್ಲುವುದು ಶಾಖ ಮಾತ್ರ. ಪುಕ್ಕದ ಮೊಳಕೆ, ರಕ್ತದ ಗರಣೆ ಇದ್ದು ತೊಳೆಯಲೇಬೇಕೆಂದಿದ್ದರೆ ದೊಡ್ಡ ಬೋಗುಣಿಯ ನಿಂತ ನೀರಿನಲ್ಲಿ ಮೆಲ್ಲಗೆ ತೊಳೆದು, ನೀರನ್ನು ಸಿಡಿಯದಂತೆ ಚೆಲ್ಲಿ, ಸುತ್ತಲಿನ ಜಾಗವನ್ನು ಸೋಪಿನಿಂದ ಉಜ್ಜಬೇಕು. ಹೊಟ್ಟೆಯೊಳಗೆ ಕೈ ಹಾಕಿ ಕುತ್ತಿಗೆ, ಗುಂಡಿಗೆ, ಕಲೇಜಿ ಇರುವ ಪೊಟ್ಟಣವೇನಾದರೂ ಉಳಿದಿದೆಯೇ ಎಂದು ನೋಡಿ ತೆಗೆದಿಡಬೇಕು. ಆಮೇಲೆ ಒಳಗೂ ಹೊರಗೂ ಕಾಗದದ ಟವೆಲ್ಲಿನಿಂದ ಚೆನ್ನಾಗಿ ಒರೆಸಬೇಕು.

ಈ ಅಡುಗೆಯಲ್ಲಿ ಉಪ್ಪಿಗಿರುವ ಮಹತ್ವ ಮಸಾಲೆಗಿಲ್ಲ. ಒಂದು ಕಿಲೋಗೆ 10ರಿಂದ 12 ಗ್ರಾಂನಂತೆ, ನಾಲ್ಕೂವರೆ ಕಿಲೋದ ಹಕ್ಕಿಗೆ ಸುಮಾರು 50 ಗ್ರಾಂ ಪುಡಿ ಉಪ್ಪನ್ನು ತೂಗಿ, ಹಿಂದಿನ ದಿನವೇ ಮೈಗೆಲ್ಲ ಸವರಬೇಕು. ದಪ್ಪವಾದ ಎದೆ ಮತ್ತು ತೊಡೆಗಳಿಗೆ ಹೆಚ್ಚು ಪಾಲು, ಸ್ವಲ್ಪ ಹೊಟ್ಟೆಯೊಳಗೂ. ಉಪ್ಪು ಮೊದಲು ನೀರೆಳೆಯುತ್ತದೆ, ಆ ನೀರಿನಲ್ಲಿ ಕರಗುತ್ತದೆ, ಬಳಿಕ ನೀರಿನ ಜೊತೆಗೇ ಮೆಲ್ಲಮೆಲ್ಲನೆ ಮಾಂಸದೊಳಕ್ಕೆ ಇಳಿಯುತ್ತದೆ. ಹೀಗೆ ಉಪ್ಪುಂಡ ಮಾಂಸ ಬೇಯುವಾಗ ತನ್ನ ತೇವವನ್ನು ಅಷ್ಟು ಸುಲಭವಾಗಿ ಬಿಟ್ಟುಕೊಡುವುದಿಲ್ಲ. ಇದಕ್ಕೆ 24 ಗಂಟೆ ಬೇಕು, 36 ಗಂಟೆಯಾದರೆ ಇನ್ನೂ ಒಳ್ಳೆಯದು. ಫ್ರಿಜ್ಜಿನಲ್ಲಿ ತಟ್ಟೆಯ ಮೇಲೆ, ಉಳಿದ ಆಹಾರಕ್ಕೆ ಹನಿ ಬೀಳದಂತೆ ಎಲ್ಲಕ್ಕಿಂತ ಕೆಳಗಿನ ಅಂತಸ್ತಿನಲ್ಲಿ, ಮುಚ್ಚದೆ ಇಟ್ಟರೆ ಚರ್ಮವೂ ಒಣಗಿ ಮುಂದೆ ಬಣ್ಣ ಬರಲು ನೆರವಾಗುತ್ತದೆ. ಅಂಗಡಿಯ ಹೆಪ್ಪುಗಟ್ಟಿದ ಹಕ್ಕಿಯ ಚೀಲದ ಮೇಲೆ ಮೊದಲೇ ಉಪ್ಪುನೀರು ಸೇರಿಸಿದೆ ಎಂದು ಬರೆದಿದ್ದರೆ ಮಾತ್ರ ಈ ಉಪ್ಪನ್ನು ಬಿಟ್ಟುಬಿಡಬೇಕು.

ಮಸಾಲೆಗೆ ನಾನು ಹೇಳುವುದು ಬ್ಯಾಡಗಿ ಮೆಣಸಿನಕಾಯಿ. ಹಾವೇರಿ ಜಿಲ್ಲೆಯ ಬ್ಯಾಡಗಿಯ ಹೆಸರು ಹೊತ್ತ, 2011ರಲ್ಲಿ ಭೌಗೋಳಿಕ ಸೂಚಿಕೆಯ ಮಾನ್ಯತೆ ಪಡೆದ ಈ ಕಾಯಿಯಲ್ಲಿ ಖಾರ ಕಡಿಮೆ, ಬಣ್ಣ ಬಹಳ. ಮುಚ್ಚಳದ ಪಾತ್ರೆಯಲ್ಲಿ ಬೇಯುವ ಹಕ್ಕಿಯ ಬಿಳಿಚಿದ ಚರ್ಮಕ್ಕೆ ಬೇಕಾದದ್ದೂ ಅದೇ. ಎಂಟು ಕಾಯಿಗಳ ಬೀಜ ತೆಗೆದು ಬೆಚ್ಚಗಿನ ನೀರಿನಲ್ಲಿ ಅರ್ಧ ಗಂಟೆ ನೆನೆಸಿ, ಒಂದು ಗಡ್ಡೆ ಬಳ್ಳೊಳ್ಳಿ, ಒಂದು ಅಂಗುಲ ಹಸಿಶುಂಠಿ ಮತ್ತು ಒಂದು ಚಮಚ ಕರಿಮೆಣಸಿನೊಂದಿಗೆ ನುಣ್ಣಗೆ ರುಬ್ಬಿ, 100 ಗ್ರಾಂ ಉಪ್ಪಿಲ್ಲದ ಬೆಣ್ಣೆಯಲ್ಲಿ ಕಲಸಬೇಕು. ಎದೆಯ ಚರ್ಮದ ಕೆಳಗೆ ಬೆರಳು ತೂರಿಸಿ, ಹರಿಯದಂತೆ ಮಾಂಸದಿಂದ ಬಿಡಿಸಿ, ಈ ಬೆಣ್ಣೆಯನ್ನೆಲ್ಲ ಆ ಸಂದಿಯಲ್ಲಿ ತೊಡೆಯವರೆಗೂ ಹರಡಬೇಕು. ಚರ್ಮದ ಹೊರಗೆ ಇದನ್ನು ಹಚ್ಚಬಾರದು. ಮುಚ್ಚಳ ತೆಗೆದ ಮೇಲಿನ ಉರಿಗೆ ಬಳ್ಳೊಳ್ಳಿಯ ಚೂರುಗಳು ಕಪ್ಪಾಗಿ ಕಹಿಯಾಗುತ್ತವೆ. ಹೊರಗೆ ಸವರಲು ಎರಡು ಚಮಚ ತುಪ್ಪವನ್ನು ಬೆಚ್ಚಗೆ ಮಾಡಿ ಅರ್ಧ ಚಮಚ ಬ್ಯಾಡಗಿ ಮೆಣಸಿನ ಪುಡಿ ಕದಡಿ ಸೋಸಿಟ್ಟುಕೊಂಡರೆ ಸಾಕು. ಬೆಣ್ಣೆಯಲ್ಲಿ ನೀರಿನ ಅಂಶವಿರುವುದರಿಂದ ಚರ್ಮ ಗರಿಗರಿಯಾಗಲು ತುಪ್ಪವೇ ಮೇಲು.

ಬೇಯಿಸುವ ದಿನ ಓವನ್ನನ್ನು ಮೇಲಿನ-ಕೆಳಗಿನ ಎರಡೂ ಸರಳು ಹಚ್ಚಿ 165 ಡಿಗ್ರಿಗೆ ಇಪ್ಪತ್ತು ನಿಮಿಷ ಕಾಯಿಸಬೇಕು. ಪಾತ್ರೆಯ ತಳಕ್ಕೆ ದಪ್ಪ ಗಾಲಿಗಳಾಗಿ ಹೆಚ್ಚಿದ ಎರಡು ಉಳ್ಳಾಗಡ್ಡಿ ಮತ್ತು ಎರಡು ಗಜ್ಜರಿಯನ್ನು ಹಾಸಿದರೆ ಹಕ್ಕಿ ತಳಕ್ಕೆ ಅಂಟುವುದಿಲ್ಲ, ಗ್ರೇವಿಗೂ ರುಚಿ ಬರುತ್ತದೆ. ಕುಕ್ಕರಿನೊಳಗೆ ಇಡುವ ತೂತಿನ ತಟ್ಟೆಯನ್ನೂ ಇಡಬಹುದು. ನೀರು ಒಂದೇ ಒಂದು ಕಪ್ಪು. ಒಣಗೀತೆಂದು ಹೆದರಿ ಎರಡು-ಮೂರು ತಂಬಿಗೆ ಸುರಿದರೆ ಅದು ರೋಸ್ಟ್ ಆಗದೆ ಬೇಯಿಸಿದ ಕೋಳಿಯಾಗುತ್ತದೆ. ಹಕ್ಕಿ ತಾನೇ ಬೇಕಾದಷ್ಟು ರಸ ಬಿಡುತ್ತದೆ. ಹೊಟ್ಟೆಯೊಳಗೆ ಅರ್ಧ ಲಿಂಬೆಹಣ್ಣು, ಒಂದು ಉಳ್ಳಾಗಡ್ಡಿ, ಒಂದು ಹಿಡಿ ಕೊತ್ತಂಬರಿ ದಂಟು ಸಡಿಲವಾಗಿ ಇಟ್ಟರೆ ಪರಿಮಳ ಬರುತ್ತದೆ. ಅನ್ನವನ್ನೋ ಖೀಮಾವನ್ನೋ ತುಂಬುವುದನ್ನು ನಾನು ಒಪ್ಪುವುದಿಲ್ಲ, ಏಕೆಂದರೆ ಹಕ್ಕಿಯ ಹಸಿ ರಸ ಕುಡಿದ ಆ ಹೂರಣದ ನಡುವೆಯೂ 74 ಡಿಗ್ರಿ ಮುಟ್ಟುವವರೆಗೆ ಕಾದರೆ ಎದೆ ಒಣಗುವುದು ಖಂಡಿತ. ರೆಕ್ಕೆಯ ತುದಿಗಳನ್ನು ಬೆನ್ನ ಹಿಂದಕ್ಕೆ ಮಡಚಿ, ಕಾಲುಗಳನ್ನು ದಾರದಿಂದ ಸಡಿಲವಾಗಿ ಕಟ್ಟಿ, ಎದೆ ಮೇಲಾಗಿ ಮಲಗಿಸಿ ಮುಚ್ಚಳ ಹಾಕಬೇಕು.

ಮೊದಲ ಒಂದೂವರೆ ಗಂಟೆ ಮುಚ್ಚಳ ತೆಗೆಯುವ ಅಗತ್ಯವೇ ಇಲ್ಲ. ನಡುವೆ ಒಮ್ಮೆ ಪಾತ್ರೆಯ ಹಿಂದು-ಮುಂದು ತಿರುಗಿಸಿಟ್ಟರೆ ಸಾಕು, ಓಟಿಜಿಯಲ್ಲಿ ಎಲ್ಲ ಮೂಲೆಗೂ ಶಾಖ ಒಂದೇ ಸಮ ಇರುವುದಿಲ್ಲ. ಕರೆಂಟು ಹೋದರೆ ಗಾಬರಿಯಾಗಿ ಬಾಗಿಲು ತೆರೆಯಬಾರದು. ಮುಚ್ಚಿದ ಪಾತ್ರೆ ಸ್ವಲ್ಪ ಹೊತ್ತು ಶಾಖವನ್ನು ಹಿಡಿದಿಟ್ಟುಕೊಳ್ಳುತ್ತದೆ, ಹೆಚ್ಚು ಹೊತ್ತಾಗುವ ಲಕ್ಷಣವಿದ್ದರೆ ಪಾತ್ರೆಯನ್ನು ಹಾಗೆಯೇ ಗ್ಯಾಸ್ ಒಲೆಯ ಸಣ್ಣ ಉರಿಗೆ ಸಾಗಿಸಬಹುದು. ತೆರೆದ ತಟ್ಟೆಗೆ ಈ ಅನುಕೂಲವಿಲ್ಲ.

ಗಡಿಯಾರಕ್ಕಿಂತ ಮಾಂಸಕ್ಕೆ ಚುಚ್ಚುವ ಥರ್ಮಾಮೀಟರನ್ನು ನಂಬಬೇಕು. ಈ ಅಡುಗೆಗೆ ಹೊಸದಾಗಿ ಏನಾದರೂ ಕೊಳ್ಳುವುದಿದ್ದರೆ ಅದೊಂದನ್ನೇ ಕೊಳ್ಳಿ ಎಂದು ಕಳಕಳಿಯಿಂದ ಹೇಳುತ್ತೇನೆ. ಒಂದೂವರೆ ಗಂಟೆ ಆದ ಮೇಲೆ ಮುಚ್ಚಳದ ಆಚೆಯ ಅಂಚನ್ನು ಮೊದಲು ಎತ್ತಿ ತೆರೆಯಿರಿ, ಇಲ್ಲದಿದ್ದರೆ ಆವಿ ಮುಖಕ್ಕೆ ಹೊಡೆಯುತ್ತದೆ. ಮೊನೆಯನ್ನು ಎದೆಯ ಅತಿ ದಪ್ಪ ಭಾಗಕ್ಕೂ, ತೊಡೆ ಮೈಗೆ ಕೂಡುವ ಸಂದಿನ ದಪ್ಪ ಭಾಗಕ್ಕೂ ಮೂಳೆಗೆ ತಾಗದಂತೆ ಇಳಿಸಿ ನೋಡಬೇಕು. ಮೂಳೆಗೆ ತಾಗಿದರೆ ಅಂಕಿ ಸುಳ್ಳು ಹೇಳುತ್ತದೆ. ಎದೆ 60-62, ತೊಡೆ 68-70 ಡಿಗ್ರಿ ತೋರಿಸಿದಾಗ ಮುಚ್ಚಳ ತೆಗೆಯುವ ಹೊತ್ತು ಬಂದಿದೆ ಎಂದು ತಿಳಿಯಬೇಕು. ನಾಲ್ಕೂವರೆ ಕಿಲೋದ ಹಕ್ಕಿಗೆ ಇದು ಹೆಚ್ಚುಕಡಿಮೆ ಎರಡು ಗಂಟೆಯ ಸುಮಾರಿಗೆ ಬರುತ್ತದೆ, ಆದರೆ ಓವನ್ನಿನಿಂದ ಓವನ್ನಿಗೆ ವ್ಯತ್ಯಾಸವಾಗುತ್ತದೆ. ಆಗ ತಳದ ರಸವನ್ನು ಸೌಟಿನಿಂದ ಬೇರೆ ಪಾತ್ರೆಗೆ ತೆಗೆದಿಟ್ಟುಕೊಂಡು, ಚರ್ಮದ ಮೇಲಿನ ತೇವವನ್ನು ಕಾಗದದಿಂದ ಒತ್ತಿ ತೆಗೆದು, ಬ್ಯಾಡಗಿಯ ತುಪ್ಪ ಸವರಿ, ಉಷ್ಣತೆಯನ್ನು 205 ಡಿಗ್ರಿಗೆ ಏರಿಸಿ ಮುಚ್ಚದೆ ಇಡಬೇಕು. ಮೂವತ್ತರಿಂದ ನಲವತ್ತು ನಿಮಿಷದಲ್ಲಿ ಚರ್ಮ ಕೆಂಪೇರುತ್ತದೆ. ಎದೆ ಬೇಗ ಕಪ್ಪಾಗತೊಡಗಿದರೆ ಅದರ ಮೇಲಷ್ಟೇ ಒಂದು ತುಂಡು ಫಾಯಿಲ್ ಹೊದಿಸಬೇಕು. ಅಮೆರಿಕದ ಕೃಷಿ ಇಲಾಖೆ ಕೋಳಿ ಜಾತಿಯ ಎಲ್ಲ ಮಾಂಸಕ್ಕೂ ಗೊತ್ತುಮಾಡಿರುವ ಕನಿಷ್ಠ ಉಷ್ಣತೆ 74 ಡಿಗ್ರಿ. ಎದೆ ಅಷ್ಟು ಮುಟ್ಟಿ, ತೊಡೆ 80 ತಲುಪಿದ ಕ್ಷಣವೇ ಹೊರತೆಗೆಯಬೇಕು. ಥರ್ಮಾಮೀಟರ್ ಇಲ್ಲದವರು ತೊಡೆ ಮತ್ತು ಮೈ ನಡುವಿನ ಸಂದಿಯನ್ನು ಚಾಕುವಿನಿಂದ ಸೀಳಿ ಮೂಳೆಯವರೆಗೂ ನೋಡಬೇಕು. ಕಾಲು ಸಂದಿನಲ್ಲಿ ಸಲೀಸಾಗಿ ಅಲುಗಾಡಬೇಕು, ಮಾಂಸ ಜಿಗುಟಾಗಿ ಹೊಳೆಯಬಾರದು. ರಸ ತಿಳಿಯಾಗಿದೆ ಎಂಬುದೊಂದೇ ಗುರುತನ್ನು ನಂಬುವಂತಿಲ್ಲ.

ಓವನ್ ಇಲ್ಲದ ಮನೆಯಲ್ಲಿಯೂ ಇದನ್ನು ಮಾಡಬಹುದು. ಹಕ್ಕಿ ಮೂರು-ಮೂರೂವರೆ ಕಿಲೋ ಮೀರಬಾರದು ಅಷ್ಟೆ. ದಪ್ಪ ತಳದ ಡಬರಿಯಲ್ಲಿ ತುಪ್ಪ ಕಾಯಿಸಿ ಹಕ್ಕಿಯ ಎಲ್ಲ ಮಗ್ಗುಲನ್ನೂ ಮೊದಲೇ ಕೆಂಪಗೆ ಹುರಿದುಕೊಳ್ಳಬೇಕು, ಏಕೆಂದರೆ ಇಲ್ಲಿ ಕೊನೆಗೆ ಬಣ್ಣ ಬರುವ ಭರವಸೆ ಇಲ್ಲ. ಆಮೇಲೆ ಒಲೆಯ ಮೇಲೆ ರೊಟ್ಟಿ ಮಾಡುವ ದಪ್ಪ ಕಬ್ಬಿಣದ ಹಂಚನ್ನಿಟ್ಟು, ಅದರ ಮೇಲೆ ಡಬರಿಯನ್ನಿಟ್ಟು, ಒಂದು ಕಪ್ಪು ನೀರು ಹಾಕಿ, ಬಿಗಿಯಾಗಿ ಮುಚ್ಚಿ ಸಣ್ಣ ಉರಿಯಲ್ಲಿ ಬೇಯಿಸಬೇಕು. ಮುಕ್ಕಾಲು ಗಂಟೆಗೊಮ್ಮೆ ಮಗ್ಗುಲು ಬದಲಿಸಿ, ತಳ ಒಣಗಿದ್ದರೆ ಮಾತ್ರ ಅರ್ಧ ಕಪ್ಪು ಬಿಸಿನೀರು ಸೇರಿಸಬೇಕು. ಎರಡೂವರೆ ಗಂಟೆಯ ಆಸುಪಾಸಿನಲ್ಲಿ ಅದೇ 74 ಮತ್ತು 80ರ ಅಂಕಿಗಳನ್ನು ಕಾಯಬೇಕು. ಹಿತ್ತಲಲ್ಲಿ ಕಟ್ಟಿಗೆ ಒಲೆ ಇದ್ದವರು ಅಂಚಿರುವ ಚಪ್ಪಟೆ ಮುಚ್ಚಳದ ಮೇಲೆ ಕೆಂಡ ಹರಡಿದರೆ ಮೇಲಿನಿಂದಲೂ ಶಾಖ ಸಿಗುತ್ತದೆ, ಆದರೆ ಇದ್ದಿಲಿನ ಹೊಗೆ ವಿಷವಾದ್ದರಿಂದ ಬಾಗಿಲು ಮುಚ್ಚಿದ ಅಡುಗೆಮನೆಯಲ್ಲಿ ಈ ಕೆಲಸ ಎಂದಿಗೂ ಕೂಡದು. ನಿಮ್ಮ ಓಣಿಯ ಬೇಕರಿಯವರು ತಮ್ಮ ಭಟ್ಟಿಯಲ್ಲಿ ಇಡಲು ಒಪ್ಪಿದರೆ ಅದು ಎಲ್ಲಕ್ಕಿಂತ ಸುಲಭದ ಉಪಾಯ. ಬ್ರೆಡ್ಡಿನ ಪಾಳಿ ಮುಗಿದ ಮೇಲೆ ಉಳಿಯುವ ಇಳಿಶಾಖ ಮುಚ್ಚಳದ ಪಾತ್ರೆಗೆ ಒಪ್ಪುತ್ತದೆ. ಆಗಲೂ ಥರ್ಮಾಮೀಟರನ್ನು ಜೊತೆಗೆ ಒಯ್ಯಬೇಕು.

ಹೊರತೆಗೆದ ಹಕ್ಕಿಯನ್ನು ಕೂಡಲೇ ಕತ್ತರಿಸಬಾರದು. ಮರದ ಹಲಗೆಯ ಮೇಲೆ ಅರ್ಧ ಗಂಟೆ ಬಿಟ್ಟರೆ ಒಳಗಿನ ರಸ ಗಟ್ಟಿಗೊಂಡು ಮಾಂಸದಲ್ಲಿಯೇ ನಿಲ್ಲುತ್ತದೆ. ಈ ಹೊತ್ತಿನಲ್ಲಿ ಮತ್ತೆ ಮುಚ್ಚಳ ಹಾಕಿದರೆ ಕಷ್ಟಪಟ್ಟು ಗರಿಗರಿ ಮಾಡಿದ ಚರ್ಮ ಮೆತ್ತಗಾಗುವುದರಿಂದ, ತೆರೆದೇ ಇಡಬೇಕು. ಕತ್ತರಿಸುವಾಗ ಮೊದಲು ಕಾಲು-ತೊಡೆಗಳನ್ನು ಸಂದಿನಲ್ಲಿ ಬಿಡಿಸಿ, ಎದೆಮೂಳೆಯ ಗುಂಟ ಚಾಕು ಇಳಿಸಿ ಎದೆಯ ಒಂದೊಂದು ಪಾಲನ್ನೂ ಇಡಿಯಾಗಿ ಎತ್ತಿ, ನಂತರ ನಾರಿಗೆ ಅಡ್ಡಲಾಗಿ ಬಿಲ್ಲೆ ಮಾಡಬೇಕು. ನಾರಿನ ಉದ್ದಕ್ಕೆ ಕೊಯ್ದರೆ ಎಷ್ಟು ಚೆನ್ನಾಗಿ ಬೆಂದ ಎದೆಯೂ ಬಾಯಲ್ಲಿ ಎಳೆಎಳೆಯಾಗುತ್ತದೆ.

ಆ ಅರ್ಧ ಗಂಟೆಯಲ್ಲಿ ಗ್ರೇವಿ ಮಾಡಿ ಮುಗಿಸಬಹುದು. ಕುತ್ತಿಗೆ ಮತ್ತು ಗುಂಡಿಗೆಯನ್ನು ಬೆಳಗ್ಗೆಯೇ ಒಂದೂವರೆ ಗಂಟೆ ಕುದಿಸಿ ಸಾರು ಇಳಿಸಿಟ್ಟಿರಬೇಕು. ಕಲೇಜಿಯನ್ನು ಅದರಲ್ಲಿ ಹಾಕಿದರೆ ಕಹಿ ಬಿಡುತ್ತದೆ, ಬೇರೆಯಾಗಿ ಹುರಿದುಕೊಳ್ಳಬೇಕು. ತೆಗೆದಿಟ್ಟ ರಸದ ಮೇಲೆ ತೇಲುವ ಕೊಬ್ಬಿನಲ್ಲಿ ಮೂರು ಚಮಚವನ್ನು ಕಾಯಿಸಿ, ಮೂರು ಚಮಚ ಗೋಧಿ ಹಿಟ್ಟನ್ನು ಹಸಿವಾಸನೆ ಹೋಗುವವರೆಗೆ ಹುರಿದು, ರಸ ಮತ್ತು ಸಾರು ಸೇರಿ ಅರ್ಧ ಲೀಟರಿನಷ್ಟನ್ನು ಸ್ವಲ್ಪಸ್ವಲ್ಪವಾಗಿ ಬೆರೆಸುತ್ತ ಗಂಟಾಗದಂತೆ ಕುದಿಸಬೇಕು. ಹಕ್ಕಿಯ ಉಪ್ಪು ರಸಕ್ಕೂ ಇಳಿದಿರುವುದರಿಂದ ರುಚಿ ನೋಡದೆ ಉಪ್ಪು ಹಾಕುವಂತಿಲ್ಲ. ಕೊನೆಯಲ್ಲಿ ಕೆಲವು ಹನಿ ಲಿಂಬೆರಸ ಹಿಂಡಬೇಕು. ಬ್ರೆಡ್ಡಿನ ಬದಲು ಬಿಸಿ ಜೋಳದ ರೊಟ್ಟಿಯನ್ನು ಈ ಗ್ರೇವಿಯಲ್ಲಿ ಅದ್ದಿ ತಿನ್ನುವುದೇ ನನಗೆ ಹೆಚ್ಚು ಹಿಡಿಸುತ್ತದೆ. ಜೋಳದ ಸಪ್ಪೆ ಸವಿ ಗ್ರೇವಿಯ ಕೊಬ್ಬಿಗೆ ಚೆನ್ನಾಗಿ ಹೊಂದುತ್ತದೆ.

ಉಳಿದ ಮಾಂಸವನ್ನು ಊಟ ಮುಗಿದ ಎರಡು ಗಂಟೆಯೊಳಗೆ ಮೂಳೆಯಿಂದ ಬಿಡಿಸಿ, ಆಳವಿಲ್ಲದ ಡಬ್ಬಿಗಳಲ್ಲಿ ಹರಡಿ ಫ್ರಿಜ್ಜಿಗೆ ಸೇರಿಸಬೇಕು; ಮೂರ್ನಾಲ್ಕು ದಿನದಲ್ಲಿ ಮುಗಿಸಬೇಕು, ಮತ್ತೆ ಕಾಯಿಸುವಾಗಲೂ 74 ಡಿಗ್ರಿ ಮುಟ್ಟಿಸಬೇಕು. ಎದೆಯ ಬಿಲ್ಲೆಗಳನ್ನು ಒಣದಾಗಿ ಕಾಯಿಸದೆ ಗ್ರೇವಿಯಲ್ಲಿ ಮುಳುಗಿಸಿ ಬಿಸಿ ಮಾಡಿದರೆ ಮೆತ್ತಗಿರುತ್ತವೆ. ಮೂಳೆಗಳನ್ನು ಅದೇ ರೋಸ್ಟಿಂಗ್ ಪಾತ್ರೆಗೆ ಹಾಕಿ, ನೀರು ತುಂಬಿ, ಎರಡು-ಮೂರು ಗಂಟೆ ಸಣ್ಣಗೆ ಕುದಿಸಿದರೆ ಮರುದಿನದ ಸಾರಿಗೆ ಗಟ್ಟಿ ರಸ ಸಿಗುತ್ತದೆ, ಪಾತ್ರೆಯ ತಳಕ್ಕೆ ಹತ್ತಿದ್ದೂ ಬಿಟ್ಟುಕೊಳ್ಳುತ್ತದೆ.